ಕಬ್ಬಿನೊಳಗಿನ ಕಾಡು

ಹೋದ ತಿಂಗಳು ಗೋಕಾಕದ ಅರಣ್ಯ ಕಚೇರಿಯಲ್ಲಿ, ಹೊಸದಾಗಿ ನೌಕರಿಗೆ ಸೇರಿದ ಐವರು ಗಾರ್ಡುಗಳ ಎದುರು ನಾಲ್ಕು ಮಾತಾಡಲು ನನ್ನನ್ನು ಕರೆದಿದ್ದರು. ನನಗಿಂತ ಮೊದಲು ಗೋಡೆಯ ಮೇಲೆ ಒಂದು ವಿಡಿಯೊ ತೋರಿಸಿದರು. ಆಫ್ರಿಕಾದ ಯಾವುದೋ ಸಫಾರಿ ಅರಣ್ಯ. ಜೀಪಿನ ನೆರಳಿಗೆ ಸಿಂಹಗಳು ಮಲಗಿದ್ದವು. ಆನೆಗಳು ಸಾಲಾಗಿ ನೀರಿಗೆ ಇಳಿಯುತ್ತಿದ್ದವು. ಹಸಿರು ಟೊಪ್ಪಿಗೆಯ ಗಾರ್ಡೊಬ್ಬ ಜೀಪಿನ ಬಾನೆಟ್ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಐವರೂ ಕಣ್ಣು ಮಿಟುಕಿಸದೆ ನೋಡಿದರು. ದೀಪ ಹಾಕಿದ ಮೇಲೆ ಅವರಲ್ಲಿ ಹುಕ್ಕೇರಿಯ ಒಬ್ಬ ಹೆಣ್ಣುಮಗಳು, ನಮ್ಮ ಬೀಟಿನಲ್ಲಿ, ಅಂದರೆ ನಾವು ಗಸ್ತು ತಿರುಗುವ ಹದ್ದಿನಲ್ಲಿ, ಯಾವ ಯಾವ ಪ್ರಾಣಿ ಇವೆ ಎಂದು ಕೇಳಿದಳು. ತೋಳ, ನರಿ, ಚಿರತೆ, ಕಾಡುಹಂದಿ, ಹೊಳೆಯಲ್ಲಿ ಮೊಸಳೆ ಎಂದು ಎಣಿಸಿ, ಕೊನೆಗೆ "ಮತ್ತ ಮಂದಿ" ಎಂದೆ. ಎಲ್ಲರೂ ನಕ್ಕರು. ನಾನು ನಗಿಸಲು ಹೇಳಿರಲಿಲ್ಲ.

ನನಗೆ ಕೊಟ್ಟ ಅರ್ಧ ತಾಸಿನಲ್ಲಿ ಅದನ್ನು ಬಿಡಿಸಿ ಹೇಳಲಾಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಗಾರ್ಡಾಗಿ ಸೇರಿ ಫಾರೆಸ್ಟರಾಗಿ ನಿವೃತ್ತನಾದೆ. ಆ ವಿಷಯ ಅಷ್ಟಕ್ಕೇ ಸಾಕು. ಮೊದಲು ಸೈಕಲ್ಲು, ಆಮೇಲೆ ಒಂದು ಹಳೆಯ ಮೋಟಾರ್ ಸೈಕಲ್ಲು. ಗೋಕಾಕದ ಕುರುಚಲು ಗುಡ್ಡಗಳು, ಮೂಡಲಗಿ ಕಡೆಯ ಕಬ್ಬಿನ ಹೊಲಗಳು, ಹಿಡಕಲ್ ಹಿನ್ನೀರಿನ ದಂಡೆ, ಇಷ್ಟು ನನ್ನ ತಿರುಗಾಟ. ವಿಡಿಯೊದ ಆ ಅರಣ್ಯಕ್ಕೆ ಗೇಟು ಇದೆ, ಮನುಷ್ಯ ಚೀಟಿ ತೆಗೆಸಿ ಒಳಗೆ ಹೋಗುತ್ತಾನೆ. ನಮ್ಮದಕ್ಕೆ ಗೇಟೇ ಇಲ್ಲ. ಹಗಲು ಹೆಂಗಸರು ಬಟ್ಟೆ ಒಗೆದ ಕಾಲುವೆಯಲ್ಲೇ ಚಿರತೆ ನೀರು ಕುಡಿಯುತ್ತದೆ. ಬೆಳಿಗ್ಗೆ ಎದ್ದು ಕಾಲುವೆಯ ಒಡ್ಡಿನ ಮೇಲೆ ಹೆಜ್ಜೆ ನೋಡುವುದು, ಮಧ್ಯಾಹ್ನ ಗುಡ್ಡ ಸುತ್ತುವುದು, ಎಲ್ಲಾದರೂ ನೆರಳಿನಲ್ಲಿ ಕುಳಿತು ರೊಟ್ಟಿ ತಿನ್ನುವುದು, ಸಂಜೆ ಡೈರಿ ಬರೆಯುವುದು. ತಿಂಗಳುಗಟ್ಟಲೆ ಇದೇ. ಆಮೇಲೆ ಒಂದು ದಿನ ಹಾಗಿರುವುದಿಲ್ಲ. ಆ ದಿನ ನೀವು ಏನು ಮಾಡುತ್ತೀರಿ ಎಂಬುದಕ್ಕೇ ಉಳಿದೆಲ್ಲ ದಿನಗಳ ಪಗಾರ.

ನನ್ನ ಮೊದಲ ತಪ್ಪು ನಗೆಪಾಟಲಿನದು. ಸೇರಿದ ಮೊದಲ ವರ್ಷ ದಡ್ಡಿ ಎಂಬ ಊರಿನ ಹೊಳೆದಂಡೆಯ ಕೆಸರಿನಲ್ಲಿ ದೊಡ್ಡ ಹೆಜ್ಜೆಗಳನ್ನು ಕಂಡು, ಚಿರತೆ ಬಂದಿದೆ ಎಂದು ಊರಿಗೆಲ್ಲ ಹೇಳಿಬಿಟ್ಟೆ. ನಾಲ್ಕು ದಿನ ಯಾರೂ ಹೊಲಕ್ಕೆ ಇಳಿಯಲಿಲ್ಲ. ಐದನೆಯ ದಿನ ನಮ್ಮ ಹಿರಿಯ ಫಾರೆಸ್ಟರು ಬಂದು, ಕುಕ್ಕರುಗಾಲಿನಲ್ಲಿ ಕುಳಿತು, ಬೆರಳಿನಿಂದ ಹೆಜ್ಜೆಯ ಮುಂದಿನ ಸಣ್ಣ ಗೀರುಗಳನ್ನು ತೋರಿಸಿದರು. ಉಗುರಿನ ಗುರುತು. ಚಿರತೆ ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತದೆ, ನಾಯಿಗೆ ಅದು ಬರುವುದಿಲ್ಲ. ಅದು ಊರ ಗೌಡರ ಮನೆಯ ನಾಯಿಯ ಹೆಜ್ಜೆಯಾಗಿತ್ತು. ಆ ಊರಿನಲ್ಲಿ ಬಹಳ ವರ್ಷ ನನ್ನ ಹೆಸರು 'ನಾಯಿ ಗಾರ್ಡ್' ಎಂದೇ ಇತ್ತು. ಕೆಸರಿನ ಗುರುತು ಓದುವುದನ್ನು ನಾನು ಆಮೇಲೆ ಚೆನ್ನಾಗಿ ಕಲಿತೆ. ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಲಿಲ್ಲ.

ಎರಡನೆಯ ತಪ್ಪಿಗೆ ಯಾರೂ ನಗಲಿಲ್ಲ.

ನಾನು ಕುರುಬರ ಮನೆಯವನು. ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ಸೋದರಮಾವ ಲಗಮಣ್ಣನ ಕುರಿಹಿಂಡಿನ ಹಿಂದೆಯೇ ಬೆಳೆದೆ. ನನ್ನನ್ನು ಶಾಲೆಗೆ ಹಾಕಿದವನೂ ಅವನೇ. ನೌಕರಿಯ ಮೂರನೆಯ ವರ್ಷದ ಚಳಿಗಾಲದಲ್ಲಿ ಮೂಡಲಗಿ ಕಡೆಯ ಗುಡ್ಡದಲ್ಲಿ ಒಂದು ಹಾಸುಬಂಡೆಯ ಕೆಳಗೆ ತೋಳದ ಗುಹೆ ಕಂಡೆ. ಬಂಡೆಯ ಮುಂದೆ ನಾಲ್ಕು ಮರಿಗಳು ಬಿಸಿಲು ಕಾಯಿಸುತ್ತಿದ್ದವು. ನನ್ನನ್ನು ಕಂಡು ಮೂರು ಒಳಗೆ ಓಡಿದವು. ಒಂದು ಮಾತ್ರ ಕಿವಿ ಮುಂದೆ ಮಾಡಿ ನನ್ನನ್ನು ನೋಡುತ್ತ ನಿಂತಿತು. ಅಷ್ಟು ಹತ್ತಿರದಿಂದ ನಾನು ತೋಳದ ಮರಿ ನೋಡಿರಲಿಲ್ಲ. ಗುಡ್ಡದ ಕೆಳಗೆ ಮಾವನ ಕುರಿಹಟ್ಟಿ ಇತ್ತು. ಅಲ್ಲಿ ರೊಟ್ಟಿ ತಿನ್ನುತ್ತ, ಹಿಗ್ಗಿನಲ್ಲಿ ಎಲ್ಲವನ್ನೂ ಹೇಳಿದೆ. ಮಾವ ಹೆಚ್ಚು ಕೇಳಲಿಲ್ಲ. ಬಂಡೆ ಯಾವ ಮಗ್ಗುಲಿಗೆ ಎಂದಷ್ಟೇ ಕೇಳಿದ. ನಾನು ಕೈ ಮಾಡಿ ತೋರಿಸಿದೆ.

ಮರುದಿನ ಹೋದಾಗ ಗುಹೆಯ ಬಾಯಿಗೆ ಕಲ್ಲು ಒಟ್ಟಿತ್ತು. ಕಲ್ಲುಗಳ ಸಂದಿಯಿಂದ ಇನ್ನೂ ಹೊಗೆ ಬರುತ್ತಿತ್ತು. ಕೈಯಿಂದಲೇ ಕಲ್ಲು ಕಿತ್ತೆ. ಮೂರು ಮರಿಗಳು ಒಂದರ ಮೇಲೊಂದು ಬಿದ್ದು ಸತ್ತಿದ್ದವು. ನಾಲ್ಕನೆಯದು, ಅಂಗಿಯಲ್ಲಿ ಸುತ್ತಿಕೊಂಡು ನಾನು ಗುಡ್ಡ ಇಳಿಯುವಷ್ಟು ಹೊತ್ತು, ಉಸಿರಾಡಿತು.

ನೇರವಾಗಿ ಹಟ್ಟಿಗೆ ಹೋಗಿ ಆ ಅಂಗಿಯನ್ನು ಮಾವನ ಮುಂದೆ ಬಿಚ್ಚಿ ಇಟ್ಟೆ. ಅವನು ಮರಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಹೋದ ತಿಂಗಳ ಹನ್ನೊಂದ ಕುರಿಮರಿ ಒಯ್ದಾವ ತ್ವಾಳ," ಎಂದ. "ನೀ ಪಗಾರ ತಗೊಂಡು ತ್ವಾಳ ಕಾಯ್ತಿ. ನಾ ಕುರಿ ಕಾಯ್ತೇನಿ. ನೀ ಹೇಳಿದಿ, ನಾ ಹೋದ್ನಿ. ಇದ್ರಾಗ ನನ್ನ ತಪ್ಪ ಎಷ್ಟು, ನಿನ್ನ ತಪ್ಪ ಎಷ್ಟು, ನೀನ ಹೇಳು ಸಿದ್ದಾ."

ನಾನು ಕೇಸು ಬರೆಯಬೇಕಿತ್ತು. ಬರೆಯಲಿಲ್ಲ. ಆ ದಿನದ ಡೈರಿಯಲ್ಲಿ 'ಗಸ್ತು ಮಾಡಲಾಯಿತು, ವಿಶೇಷವಿಲ್ಲ' ಎಂದು ಬರೆದೆ. ತಾಯಿ ತೋಳ ಮೂರು ದಿನ ಬೆಳಿಗ್ಗೆ ಆ ಬಂಡೆಯ ಸುತ್ತ ತಿರುಗಿತು. ಮಣ್ಣು ಕೆರೆಯುವುದು, ನಿಲ್ಲುವುದು, ಮತ್ತೆ ಕೆರೆಯುವುದು. ನಾಲ್ಕನೆಯ ದಿನ ಬರಲಿಲ್ಲ. ಈ ಸಂಗತಿಯನ್ನು ಇಲಾಖೆಯ ಯಾರಿಗೂ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೇಳಲಿಲ್ಲ.

ಆ ವರ್ಷಗಳಲ್ಲಿ ಕೆಲಸದ ರೀತಿ ಪೂರ್ತಿ ಬದಲಾಯಿತು. ಮೊದಲು ಹೆಜ್ಜೆಯ ಮೇಲೆ ಗಾಜು ಇಟ್ಟು ಪೆನ್ನಿನಿಂದ ಗೆರೆ ಎಳೆದು, ಅದನ್ನು ಕಾಗದಕ್ಕೆ ಇಳಿಸಿ ಕಳಿಸುತ್ತಿದ್ದೆವು. ಉತ್ತರ ಬರುವಷ್ಟರಲ್ಲಿ ಪ್ರಾಣಿ ಇನ್ನೊಂದು ತಾಲ್ಲೂಕು ಸೇರಿರುತ್ತಿತ್ತು. ಆಮೇಲೆ ಮರಕ್ಕೆ ಕಟ್ಟುವ ಕ್ಯಾಮೆರಾ ಬಂದವು. ಎಲ್ಲರ ಕಿಸೆಗೂ ಫೋನು ಬಂತು. ನಮ್ಮ ಗುಡ್ಡದ ಬುಡದವರೆಗೂ ಕಬ್ಬು ಬಂತು, ಕಬ್ಬಿನ ಹಿಂದೆಯೇ ಚಿರತೆ ಬಂತು. ಕಬ್ಬಿನೊಳಗೆ ತಂಪು, ನೀರು, ಹಂದಿ, ನಾಯಿ, ವರ್ಷದಲ್ಲಿ ಹತ್ತು ತಿಂಗಳು ಮನುಷ್ಯ ಕಾಲಿಡದ ಏಕಾಂತ. ಚಿರತೆಗೆ ಇನ್ನೇನು ಬೇಕು. ಕಬ್ಬಿನಲ್ಲೇ ಹುಟ್ಟಿದ ಚಿರತೆಗೆ ಅದೇ ಕಾಡು. ಕಟಾವು ಶುರುವಾದ ದಿನ ಮಾತ್ರ ಅದರ ಕಾಡು ಸಾಲು ಸಾಲಾಗಿ ಮಾಯವಾಗುತ್ತದೆ.

ನಿವೃತ್ತಿಗೆ ಎರಡು ವರ್ಷ ಇದ್ದಾಗ, ಒಂದು ಬೆಳಿಗ್ಗೆ ಕಲ್ಲೋಳಿ ಹತ್ತಿರದ ಹೊಲದಿಂದ ಫೋನು ಬಂತು. ಕಬ್ಬು ಕಡಿಯುವವರಿಗೆ ಎರಡು ಹುಲಿಮರಿ ಸಿಕ್ಕಿವೆ ಎಂದರು. ನಮ್ಮ ಕಡೆ ಚಿರತೆಗೂ ಹುಲಿ ಎನ್ನುತ್ತಾರೆ. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮರಿಗಳು ಒಂದು ಬುಟ್ಟಿಯಲ್ಲಿ ಹಳೆ ಸೀರೆಯ ಮೇಲಿದ್ದವು. ಬೆಕ್ಕಿನಷ್ಟು ಗಾತ್ರ. ಕಣ್ಣು ಬಿಟ್ಟು ಕೆಲವೇ ವಾರಗಳಾಗಿದ್ದವು, ಕಣ್ಣಿನ ನೀಲಿ ಇನ್ನೂ ಹೋಗಿರಲಿಲ್ಲ. ಹೊಲದಲ್ಲಿ ಅರ್ಧ ಕಬ್ಬು ಕಡಿದಾಗಿತ್ತು. ಎರಡು ಎಕರೆ ನಿಂತಿತ್ತು. ತಾಯಿ ಅದರೊಳಗೇ ಇರಬೇಕು ಎಂದು ನನಗೆ ಅನುಮಾನವಿರಲಿಲ್ಲ. ಕಡಿದ ಹೊಲದ ಅಂಚಿನಲ್ಲಿ, ನಿಂತ ಕಬ್ಬಿಗೆ ಎಂಬತ್ತು ಹೆಜ್ಜೆ ದೂರದಲ್ಲಿ, ಕಡಿಯುವವರ ಎಂಟು ಗುಡಿಸಲುಗಳಿದ್ದವು. ಅವರು ವಿಜಯಪುರದ ಕಡೆಯಿಂದ ಬಂದವರು. ಗುಡಿಸಲುಗಳ ಮುಂದೆ ಆರು ಮಕ್ಕಳು ಆಡುತ್ತಿದ್ದವು.

ನಮ್ಮ ವಲಯದ ಅಧಿಕಾರಿ, ಆರ್‌ಎಫ್‌ಓ ಸಾಹೇಬರು ಮೈಸೂರಿನ ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಕೆಟ್ಟವರಲ್ಲ. ಆದರೆ ಹಿಂದಿನ ಊರಿನಲ್ಲಿ ಚಿರತೆ ಒಬ್ಬ ಮುದುಕಿಯನ್ನು ಕೊಂದದ್ದನ್ನು ಕಂಡಿದ್ದರು. ಬಂದವರೇ, ಮರಿಗಳನ್ನು ಮೃಗಾಲಯಕ್ಕೆ ಕಳಿಸಿಬಿಡೋಣ ಎಂದರು. ಮರಿ ಕಳೆದುಕೊಂಡ ತಾಯಿ ಇಲ್ಲೇ ಸುತ್ತುತ್ತದೆ, ರೇಗಿರುತ್ತದೆ, ಆ ಅಪಾಯವೇ ದೊಡ್ಡದು ಎಂದೆ. ಅವರು ಒಪ್ಪಲಿಲ್ಲ. ಆಗ ಅವರನ್ನು ಜೀಪಿನ ಹಿಂದೆ ಕರೆದೊಯ್ದು ಹಾಸುಬಂಡೆಯ ಗುಹೆಯ ಸಂಗತಿ ಹೇಳಿದೆ. ಡೈರಿಯಲ್ಲಿ ಬರೆದ ಸುಳ್ಳನ್ನೂ ಹೇಳಿದೆ. ಅವರು ಮೇಲಿನವರಿಗೆ ಫೋನು ಮಾಡಿ ಬಂದರು.

"ಎರಡು ಸಂಜೆ ಕೊಡ್ತೀನಿ," ಎಂದರು. "ತಾಯಿ ಬಂದು ತಗೊಂಡು ಹೋದ್ರೆ ಸರಿ. ಇಲ್ಲಾಂದ್ರೆ ಮೂರನೇ ದಿನ ಬೆಳಿಗ್ಗೆ ಮರಿಗಳು ಗಾಡಿ ಹತ್ತುತ್ವೆ. ಈ ಜನಕ್ಕೆ ಏನಾದ್ರೂ ಆದ್ರೆ ನಾನೂ ಉಳಿಯಲ್ಲ, ನೀವೂ ಉಳಿಯಲ್ಲ."

ಆ ಜನವನ್ನು ಇನ್ನೂ ಯಾರೂ ಕೇಳಿರಲಿಲ್ಲ. ಗ್ಯಾಂಗಿನ ಹಿರಿಯಳು ಕಸ್ತೂರವ್ವ, ಅರವತ್ತರ ಹತ್ತಿರದ ಹೆಂಗಸು. ಸೊಸೆ ಮೂರು ತಿಂಗಳ ಬಾಣಂತಿ. ಮರಿಗಳನ್ನು ಮೊದಲು ಕಂಡವಳೂ ಸೀರೆ ಹಾಸಿದವಳೂ ಕಸ್ತೂರವ್ವನೇ. ಮರಿಗಳನ್ನು ಸಿಕ್ಕ ಜಾಗದಲ್ಲೇ ಇಡುತ್ತೇವೆ, ಹೊತ್ತು ಮುಳುಗುವಾಗ ತಾಯಿ ಬರುತ್ತದೆ ಎಂದು ವಿವರಿಸಿದೆ. ಅವಳು ಕುಡಗೋಲು ಕೆಳಗಿಡದೆ ಕೇಳಿದಳು.

"ಆಕಿ ತನ್ನ ಕೂಸ ಹುಡುಕ್ಕೋತ ಬರಾಕಿ. ನಮ್ಮ ಕೂಸಿನ ವಾಸನಿ ಬಡದ್ರ ಏನ್ ಮಾಡೂದ್ರಿ?"

ಬಾವಿಯ ಹತ್ತಿರ ಇಟ್ಟಿಗೆಯ ಪಂಪಿನ ಮನೆ ಇತ್ತು. ಮಕ್ಕಳನ್ನು ಅದರೊಳಗೆ ಕೂರಿಸೋಣ, ಬಾಗಿಲಲ್ಲಿ ನಾನು ಕುಳಿತಿರುತ್ತೇನೆ ಎಂದೆ.

"ನಿಮ್ಮ ಮಾತ ನಂಬಿ ಇಡಾಕ ನನ್ನ ಹಂತ್ಯಾಕ ಇನ್ನೊಂದ ಮೊಮ್ಮಗ ಇಲ್ರಿ," ಎಂದಳು. ಬುಟ್ಟಿಯತ್ತ ನೋಡಿದಳು. ಆಮೇಲೆ, "ಆಕಿಗೂ ಬ್ಯಾರೆ ಮರಿ ಇರಾಕಿಲ್ಲ," ಎಂದು ಪಂಪಿನ ಮನೆಯ ಕಸ ಹೊಡೆಯಲು ಹೋದಳು.

ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ರವದಿ, ಅಂದರೆ ಕಬ್ಬಿನ ಒಣ ಎಲೆ, ಹಾಸಿ, ಮನುಷ್ಯರ ವಾಸನೆ ಹೋಗಲೆಂದು ಮರಿಗಳ ಮೈಗೆ ಅದೇ ಹೊಲದ ಮಣ್ಣು ಸವರಿ, ಸಿಕ್ಕ ಜಾಗದಲ್ಲಿ ಇಟ್ಟೆವು. ಇಡುವ ಮೊದಲು ನಾನೊಂದು ಫೋಟೊ ತೆಗೆದು ಇಲಾಖೆಯ ವಾಟ್ಸಪ್ ಗುಂಪಿಗೆ ಕಳಿಸಿದೆ. ವರದಿಗೆ ಬೇಕಾಗುತ್ತದೆ ಎಂದುಕೊಂಡೆ. ಸತ್ಯ ಹೇಳಬೇಕೆಂದರೆ, ಹಿಗ್ಗಿತ್ತು. ಫೋಟೊದ ಕೆಳಗೆ ಹೊಲ ಯಾವುದೆಂದೂ ಬರೆದಿದ್ದೆ.

ಐದು ಗಂಟೆಗೆ ಮೊದಲ ಮೋಟಾರ್ ಸೈಕಲ್ ಬಂತು. ಐದೂವರೆಗೆ ನೂರು ಜನ. ಕಲ್ಲೋಳಿಯಿಂದ, ಮೂಡಲಗಿಯಿಂದ, ಟ್ರ್ಯಾಕ್ಟರಿನಲ್ಲಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು. ನನ್ನ ಫೋಟೊವೇ ಎಲ್ಲರ ಫೋನಿನಲ್ಲಿತ್ತು. ಒಬ್ಬ ನನಗೇ ಅದನ್ನು ತೋರಿಸಿ ಮರಿಗಳು ಎಲ್ಲಿವೆ ಎಂದು ಕೇಳಿದ. ಕೂಗಾಡಿದೆವು, ಕೈ ಮುಗಿದೆವು. ಅವರು ಹತ್ತು ಹೆಜ್ಜೆ ಹಿಂದೆ ಸರಿದು ಇಪ್ಪತ್ತು ಹೆಜ್ಜೆ ಮುಂದೆ ಬಂದರು. ನಿಂತ ಕಬ್ಬಿನೊಳಗೆ ಒಮ್ಮೆ, ಗರಗಸ ಎಳೆದ ಹಾಗೆ ಒಂದು ಸದ್ದು ಬಂತು. ನೂರು ಜನ ಒಟ್ಟಿಗೆ ಓಡಿದರು. ಒಬ್ಬ ಮುದುಕ ಬಿದ್ದು ತುಳಿತಕ್ಕೆ ಸಿಕ್ಕಿ ಮೊಣಕೈ ಮುರಿದುಕೊಂಡ. ಆಮೇಲೆ ಕಬ್ಬು ಮತ್ತೆ ಸದ್ದು ಮಾಡಲಿಲ್ಲ. ಆ ಸಂಜೆ ತಾಯಿ ಬರಲಿಲ್ಲ.

ಬೆಳಿಗ್ಗೆ ಪಶುವೈದ್ಯರು ಬಂದು ಮರಿಗಳಿಗೆ ಹನಿ ಹನಿಯಾಗಿ ಔಷಧದ ನೀರು ಕುಡಿಸಿದರು. ಒಂದು ಮರಿ ಮಂಕಾಗಿತ್ತು, ಕುತ್ತಿಗೆ ಎತ್ತುತ್ತಿರಲಿಲ್ಲ. ಇನ್ನೊಂದು ದಿನ ತಡೆಯುವುದು ಕಷ್ಟ ಎಂದರು. ಫೋಟೊ ಹೊರಗೆ ಹೋದದ್ದು ನನ್ನಿಂದ ಎಂದು ಸಾಹೇಬರಿಗೂ ಕಸ್ತೂರವ್ವನಿಗೂ ಹೇಳಿದೆ. ಸಾಹೇಬರು ಮುಖ ತಿರುಗಿಸಿದರು. ಕಸ್ತೂರವ್ವ ಎದ್ದು ತನ್ನ ಗ್ಯಾಂಗಿನವರ ಕಡೆ ಹೋದಳು. ಮಧ್ಯಾಹ್ನ ನೋಡಿದರೆ ಅವಳ ಗ್ಯಾಂಗಿನವರು ಕಬ್ಬಿನ ಎರಡು ಟ್ರೇಲರುಗಳನ್ನು ಬಂಡಿದಾರಿಗೆ ಅಡ್ಡ ನಿಲ್ಲಿಸಿದ್ದರು. ಸಂಜೆ ಬಂದ ಮೋಟಾರ್ ಸೈಕಲ್ಲುಗಳ ಎದುರು ಕುಡಗೋಲು ಹಿಡಿದ ಹೆಂಗಸರು ನಿಂತಿದ್ದರು. ಸಾಹೇಬರೂ ಅವರ ಜೊತೆ ನಿಂತರು. ಒಬ್ಬನನ್ನೂ ಒಳಗೆ ಬಿಡಲಿಲ್ಲ.

ಪಂಪಿನ ಮನೆಯೊಳಗೆ ಕಸ್ತೂರವ್ವ, ಬಾಣಂತಿ ಸೊಸೆ, ಕೂಸು, ಆರು ಮಕ್ಕಳು. ಬಾಗಿಲಿಗೆ ಚಿಲಕ ಇರಲಿಲ್ಲ, ಒಳಗಿನಿಂದ ಹಗ್ಗ ಕಟ್ಟಿಕೊಂಡಿದ್ದರು. ಹೊರಗೆ ಮೆಟ್ಟಿಲ ಮೇಲೆ ನಾನು, ಕೈಯಲ್ಲೊಂದು ಬಿದಿರಿನ ಕೋಲು. ಮರಿಗಳನ್ನು ಮತ್ತೆ ಇಟ್ಟಿದ್ದ ಕ್ರೇಟು ನನ್ನಿಂದ ನಲವತ್ತು ಹೆಜ್ಜೆ.

ಹೊತ್ತು ಮುಳುಗಿ ಇನ್ನೂ ಬೆಳಕಿತ್ತು. ಕಬ್ಬಿನ ಸಾಲಿನಿಂದ ತಲೆಯೊಂದು ಹೊರಗೆ ಬಂತು. ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಉಳಿದ ಮೈ ನೆಲಕ್ಕೆ ಹತ್ತಿಕೊಂಡು ಹರಿದು ಬಂತು. ಕ್ರೇಟನ್ನು ಮೂಸಿ, ಪಂಜದಿಂದ ಒಂದು ಮಗ್ಗುಲಿಗೆ ಕೆಡವಿ, ಮಂಕಾಗಿದ್ದ ಮರಿಯ ಕುತ್ತಿಗೆ ಹಿಡಿದೆತ್ತಿ ಒಳಗೆ ಹೋಯಿತು.

ಇನ್ನೊಂದು ಮರಿ ಬಿದ್ದ ಕ್ರೇಟಿನಿಂದ ಹೊರಗೆ ಬಂತು. ಅಲ್ಲೇ ಇರಬೇಕಿತ್ತು. ಕೂಗುತ್ತ, ತೆವಳುತ್ತ, ಕಬ್ಬಿನ ಕಡೆಗೆ ಹೋಗದೆ ನನ್ನ ಕಡೆಗೆ ಬರತೊಡಗಿತು. ಎರಡು ದಿನ ಮನುಷ್ಯರ ಕೈ ಅದನ್ನು ಬೆಚ್ಚಗಿಟ್ಟಿತ್ತು. ಇಪ್ಪತ್ತು ಹೆಜ್ಜೆ. ಹತ್ತು. ಎತ್ತಿಕೊಂಡು ಹೋಗಿ ಕ್ರೇಟಿನಲ್ಲಿಡಲೇ ಎಂದು ಒಮ್ಮೆ ಅನ್ನಿಸಿತು. ಎದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ. ತಾಯಿ ಆಗಲೇ ಹೊರಗೆ ಬಂದು ಖಾಲಿ ಕ್ರೇಟಿನ ಹತ್ತಿರ ನಿಂತಿತ್ತು.

ಮರಿ ನನ್ನ ಕಾಲಿನ ಹತ್ತಿರ ಬಂದು ಕೂಗಿತು. ತಾಯಿ ತಲೆ ತಿರುಗಿಸಿತು. ಅದೇ ಹೊತ್ತಿಗೆ ಬಾಗಿಲ ಹಿಂದೆ ಕೂಸು ಅಳತೊಡಗಿತು.

ಚಿರತೆ ಐದಾರು ಜಿಗಿತಕ್ಕೆ ನನ್ನ ಮುಂದೆ ಬಂದು ನಿಂತಿತು. ಕಿವಿ ತಲೆಗೆ ಹತ್ತಿದ್ದವು, ಬಾಲ ನೆಲ ಬಡಿಯುತ್ತಿತ್ತು. ಕೋಲು ನನ್ನ ತೊಡೆಯ ಮೇಲಿತ್ತು, ಎತ್ತಲಿಲ್ಲ. ಅದರ ಕಣ್ಣಿಗೆ ಕಣ್ಣು ಕೊಡದೆ ಮರಿಯನ್ನೇ ನೋಡಿದೆ. ಒಳಗಿನಿಂದ ಕಸ್ತೂರವ್ವನ ದನಿ ಬಹಳ ಮೆಲ್ಲಗೆ ಕೇಳಿತು: "ಬಾಯಾಗ ಮಲಿ ಕೊಡು. ಹೆದರಬ್ಯಾಡ, ಕೊಡು." ಅಳು ನಿಂತಿತು. ಚಿರತೆಯ ಗಂಟಲಿನ ಸದ್ದು ನನ್ನ ಎದೆಯೊಳಗೆ ಬರುತ್ತಿತ್ತು. ಅದು ಒಂದು ಹೆಜ್ಜೆ ಇಟ್ಟಿತು. ಇನ್ನೊಂದು. ಅದರ ಮೀಸೆಯ ಮೇಲೆ ಹತ್ತಿದ್ದ ಮಣ್ಣು ಕಂಡಿತು. ಮರಿಯ ಕುತ್ತಿಗೆ ಹಿಡಿಯಿತು, ತಿರುಗಿತು, ಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಸಂದಿಯಿಂದ ಕಸ್ತೂರವ್ವ ಕೇಳಿದಳು.

"ಹ್ವಾದ್ಲೇನ್ರಿ ಆಕಿ?"

"ಹ್ವಾದ್ಲು."

"ಎರಡೂ ಒಯ್ದಳೇನ್ರಿ?"

"ಎರಡೂ."

ಹಗ್ಗ ಬಿಚ್ಚಿ ಹೊರಗೆ ಬಂದು ನನ್ನ ಪಕ್ಕದ ಮೆಟ್ಟಿಲ ಮೇಲೆ ಕುಳಿತಳು.

ಸಾಹೇಬರು ಮರುದಿನ ನನ್ನನ್ನು ಹಿಡಕಲ್ಲಿಗೆ ಹಾಕಿದರು, ಹಕ್ಕಿ ಎಣಿಕೆಗೆ. ಫೋಟೊ ಕಳಿಸಿದ್ದಕ್ಕೆ ನೋಟಿಸನ್ನೂ ಕೊಟ್ಟರು. ಎರಡೂ ನ್ಯಾಯವೇ. ಆದರೆ ಎರಡು ಎಕರೆ ಕಬ್ಬು ಇನ್ನೂ ನಿಂತಿತ್ತು. ತಾಯಿ ಮರಿಗಳನ್ನು ಬೇರೆಡೆ ಒಯ್ದಿದೆಯೋ ಅದರೊಳಗೇ ಇಟ್ಟಿದೆಯೋ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಕಡಿಯುವವರು ಕಡಿಯಲೇಬೇಕಿತ್ತು. ನಾನು ರಜೆ ಬರೆದುಕೊಟ್ಟು ಬೆಳಿಗ್ಗೆ ಹೊಲಕ್ಕೆ ಹೋದೆ. ದಿನವೂ ಕುಡಗೋಲು ಬೀಳುವ ಮೊದಲು ನಾನು ಒಬ್ಬನೇ ಸಾಲು ಹೊಕ್ಕು, ಕೋಲಿನಿಂದ ರವದಿ ಬಡಿಯುತ್ತ ಆ ತುದಿಯವರೆಗೆ ನಡೆದು ಬರುತ್ತಿದ್ದೆ. ಆಮೇಲೆ ಅವರು ಇಳಿಯುತ್ತಿದ್ದರು. ಕಬ್ಬಿನೊಳಗೆ ಎರಡು ಮೊಳದ ಆಚೆ ಏನೂ ಕಾಣುವುದಿಲ್ಲ. ಎಲೆ ಕೆನ್ನೆ ಕೊಯ್ಯುತ್ತದೆ. ಪ್ರತಿ ಸಾಲಿನಲ್ಲೂ ಆ ಗಂಟಲಿನ ಸದ್ದು ಕೇಳಿದಂತಾಗಿ ನಿಲ್ಲುತ್ತಿದ್ದೆ. ಹೀಗೆ ಒಂಬತ್ತು ದಿನ.

ಕೊನೆಯ ದಿನ ನಾಲ್ಕೇ ಸಾಲು ಉಳಿದಿದ್ದವು. ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನಾನು ಒಳಗೆ ಹೋದೆ. ಕಾಲ ಬುಡದಿಂದ ಎರಡು ಗೌಜಲಹಕ್ಕಿ ಬುರ್ರೆಂದು ಎದ್ದವು, ನಾನು ಕೋಲು ಬಿಟ್ಟು ಕುಳಿತುಬಿಟ್ಟೆ. ಆ ಹಕ್ಕಿಗಳ ಹೊರತು ಒಳಗೆ ಬೇರೆ ಏನೂ ಇರಲಿಲ್ಲ. ಹೊರಗೆ ಬಂದಾಗ ಮಕ್ಕಳು ನಗುತ್ತಿದ್ದವು. ಕಸ್ತೂರವ್ವ ಸಾಲಿನೊಳಗೆ ಬಿದ್ದಿದ್ದ ಕೋಲು ಎತ್ತಿ ತಂದು ಕೈಗೆ ಕೊಟ್ಟಳು.

"ಕಾಲ ನಡಗಾಕತ್ತಾವಲ್ರಿ ಸಾಹೇಬ್ರ," ಎಂದಳು.

ಮೊದಲ ದಿನದಿಂದಲೂ ನಡುಗುತ್ತಿವೆ ಎಂದೆ.

"ಗೊತ್ತೈತ್ರಿ. ಹಿಂದಿನಿಂದ ನಮಗ ಕಾಣ್ತಿತ್ತು," ಎಂದಳು. "ನಡಗಿದ್ರೂ ಮುಂದ ಹೊಕ್ಕಿದ್ರಿ. ಅದಕ್ಕ ನಾವೂ ಹಿಂದ ಬಂದ್ವಿ."

ಸೀರೆಯ ಸೆರಗು ಬಿಗಿದು, ಉಳಿದ ನಾಲ್ಕು ಸಾಲಿಗೆ ಅವಳೇ ಮೊದಲು ಕುಡಗೋಲು ಹಾಕಿದಳು.